ಮನೆ ಬಾಡಿಗೆ, ಖರೀದಿ ಮತ್ತು ಮಾರಾಟ: ಟಿಟ್ವಾಳಾ ಪರಿಸರದ ನಾಗರಿಕರು ಕೇಳುವ ಪ್ರಶ್ನೆಗಳು

ಮಧ್ಯ ರೈಲ್ವೆಯ ಕಲ್ಯಾಣ–ಕಸಾರಾ ಮಾರ್ಗದಲ್ಲಿ ಶಹಾಡ ಮತ್ತು ಆಂಬಿವಲಿ ನಿಲ್ದಾಣಗಳನ್ನು ದಾಟಿದ ಮೇಲೆ ಟಿಟ್ವಾಳಾ ಬರುತ್ತದೆ. ಮಹಾಗಣಪತಿಯ ದೇವಾಲಯದಿಂದಾಗಿ ಬಹುಕಾಲದಿಂದ ಯಾತ್ರಾಸ್ಥಳವೆನಿಸಿದ್ದ ಈ ಊರು ಇಂದು ವಸತಿ ಪಟ್ಟಣವಾಗಿ ಬೆಳೆದಿದೆ. ಮುಂಬಯಿಯಲ್ಲಿ ಮನೆಯ ಬೆಲೆ ಕೈಗೆ ನಿಲುಕದಾದಾಗ ಜನರು ಠಾಣೆಗೆ ಬಂದರು. ಠಾಣೆಯಿಂದ ಡೊಂಬಿವಲಿಗೆ, ಅಲ್ಲಿಂದ ಕಲ್ಯಾಣಕ್ಕೆ, ಈಗ ಟಿಟ್ವಾಳಾಕ್ಕೆ ಸರಿದಿದ್ದಾರೆ. ಮುಂಬಯಿಗೆ ಹೋಗುವ ಲೋಕಲ್ ಗಾಡಿಗಳು ಇಲ್ಲಿಂದಲೇ ಹೊರಡುವುದು ದುಡಿಯುವ ಜನರಿಗೆ ದೊಡ್ಡ ಅನುಕೂಲ. ಹೀಗೆ ಬಂದು ನೆಲೆಸಿದವರಲ್ಲಿ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಅನೇಕ ಕನ್ನಡ ಕುಟುಂಬಗಳೂ ಇವೆ.

ಕರ್ನಾಟಕದಿಂದ ಬಂದವರಿಗೆ ಖಾತೆ, ಪಹಣಿ, ಋಣಭಾರ ಪತ್ರ, ಹನ್ನೊಂದು ತಿಂಗಳ ಬಾಡಿಗೆ ಕರಾರು ಎಂಬ ಮಾತುಗಳು ಪರಿಚಿತ. ಮಹಾರಾಷ್ಟ್ರದಲ್ಲಿ ಕಾಗದಪತ್ರಗಳ ಹೆಸರು ಬೇರೆ. ಕೆಲವು ಕಾನೂನುಗಳೂ ಬೇರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮ, 1908ರ ನೋಂದಣಿ ಅಧಿನಿಯಮ ಹಾಗೂ 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, ಅಂದರೆ ಜನರು ರೇರಾ ಎಂದು ಕರೆಯುವ ಕಾನೂನು, ಕೇಂದ್ರದ ಶಾಸನಗಳಾದುದರಿಂದ ಎರಡೂ ರಾಜ್ಯಗಳಿಗೆ ಸಮಾನ. ಆದರೆ ಬಾಡಿಗೆ, ಮುದ್ರಾಂಕ ಶುಲ್ಕ, ಭೂ ಕಂದಾಯ ಮತ್ತು ಗೃಹ ಸಹಕಾರ ಸಂಘಗಳ ವಿಷಯದಲ್ಲಿ ಆಯಾ ರಾಜ್ಯದ ನಿಯಮವೇ ಅನ್ವಯಿಸುತ್ತದೆ.

ಮನೆಯ ವ್ಯವಹಾರದಲ್ಲಿ ಒಂದು ಸೂತ್ರವನ್ನು ಆರಂಭದಲ್ಲಿಯೇ ಮನಗಾಣುವುದು ಒಳ್ಳೆಯದು. ಎದುರಿನ ವ್ಯಕ್ತಿ ತೋರಿಸುವ ಪ್ರತಿ ಎಷ್ಟೇ ಚೊಕ್ಕಟವಾಗಿರಲಿ, ಅದನ್ನು ನೀಡಿದ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡುವವರೆಗೆ ಅದು ಕೇವಲ ಕಾಗದವೇ. ಮುಂದಿನ ಪ್ರಶ್ನೋತ್ತರಗಳಿಗೆಲ್ಲ ಈ ಸೂತ್ರವೇ ಆಧಾರ.

ಬಾಡಿಗೆ

ಪ್ರಶ್ನೆ: ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆ?

ಉತ್ತರ: ಮಹಾರಾಷ್ಟ್ರದಲ್ಲಿ ಮಾಡಿಸಲೇಬೇಕು. 1908ರ ನೋಂದಣಿ ಅಧಿನಿಯಮದ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯ. ಈ ಕಾರಣದಿಂದಲೇ ಹನ್ನೊಂದು ತಿಂಗಳ ಕರಾರಿನ ರೂಢಿ ದೇಶದ ಅನೇಕ ಕಡೆ ಬೆಳೆಯಿತು. ಆದರೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 55ನೆಯ ಪ್ರಕರಣವು, ಅವಧಿ ಎಷ್ಟೇ ಇರಲಿ, ಬಾಡಿಗೆಯ ಕರಾರು ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು ಎಂದು ವಿಧಿಸುತ್ತದೆ. ನೋಂದಣಿ ಮಾಡಿಸುವ ಹೊಣೆ ಮನೆಯ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ರೂ. 5,000ದವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ. ನೋಂದಾಯಿತ ಕರಾರು ಇಲ್ಲದಿರುವಾಗ ವಿವಾದ ಉಂಟಾದರೆ, ಬಾಡಿಗೆಯ ಷರತ್ತುಗಳ ಬಗ್ಗೆ ಬಾಡಿಗೆದಾರನು ಹೇಳುವ ಮಾತನ್ನೇ, ಅದು ಸುಳ್ಳೆಂದು ಸಾಬೀತಾಗುವವರೆಗೆ, ಕಾನೂನು ಒಪ್ಪುತ್ತದೆ. ಆದುದರಿಂದ ನೋಂದಣಿಯನ್ನು ತಪ್ಪಿಸುವುದು ಮಾಲೀಕನಿಗೇ ಹೆಚ್ಚು ಹಾನಿಕರ.

ಪ್ರಶ್ನೆ: ಲೀವ್ ಅಂಡ್ ಲೈಸೆನ್ಸ್ ಎಂದರೇನು?

ಉತ್ತರ: ಮುಂಬಯಿ ಮತ್ತು ಠಾಣೆ ಪ್ರದೇಶದಲ್ಲಿ ಇಂದು ಹೆಚ್ಚಿನ ಮನೆಗಳನ್ನು ಈ ಬಗೆಯ ಕರಾರಿನ ಮೇಲೆಯೇ ಕೊಡುತ್ತಾರೆ. ಇದರಲ್ಲಿ ಮನೆಯಲ್ಲಿ ಇರುವವನಿಗೆ ಗೊತ್ತಾದ ಅವಧಿಯವರೆಗೆ ವಾಸಿಸುವ ಅನುಮತಿ ಮಾತ್ರ ದೊರೆಯುತ್ತದೆ. ಮನೆಯಲ್ಲಿ ಯಾವುದೇ ಹಕ್ಕು ಹುಟ್ಟುವುದಿಲ್ಲ. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಅದೇ ಅಧಿನಿಯಮದ 24ನೆಯ ಪ್ರಕರಣದ ಪ್ರಕಾರ ಮಾಲೀಕನು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಹೆಚ್ಚುವರಿಯಾಗಿ ಉಳಿದ ಕಾಲಕ್ಕೆ ಕರಾರಿನ ದರದ ಎರಡರಷ್ಟು ಪರಿಹಾರ ತೆರಬೇಕಾಗುತ್ತದೆ. ಬಾಡಿಗೆದಾರನಿಗೂ ರಕ್ಷಣೆಯಿದೆ. ಮನೆ ಖಾಲಿ ಮಾಡಿಸುವ ಉದ್ದೇಶದಿಂದ ನೀರು ಅಥವಾ ವಿದ್ಯುತ್ತನ್ನು ಸಕಾರಣವಿಲ್ಲದೆ ನಿಲ್ಲಿಸಲು ಕಾನೂನಿನಲ್ಲಿ ಆಸ್ಪದವಿಲ್ಲ. ಬಾಡಿಗೆದಾರನನ್ನು ಹೊರಹಾಕುವ ದಾರಿ ಪ್ರಾಧಿಕಾರದ ಆದೇಶವೇ ಹೊರತು ಬೀಗ ಬದಲಾಯಿಸುವುದಲ್ಲ.

ಪ್ರಶ್ನೆ: ನೋಂದಣಿಗೆ ತಗಲುವ ಖರ್ಚು ಎಷ್ಟು?

ಉತ್ತರ: ಜನರು ಊಹಿಸುವುದಕ್ಕಿಂತ ಬಹಳ ಕಡಿಮೆ. ಇಡೀ ಅವಧಿಯ ಬಾಡಿಗೆ ಹಾಗೂ ಹಿಂದಿರುಗಿಸತಕ್ಕ ಠೇವಣಿಯ ಮೇಲೆ ವರ್ಷಕ್ಕೆ ಶೇ. 10ರಂತೆ ಲೆಕ್ಕ ಹಾಕಿದ ಬಡ್ಡಿ, ಇವೆರಡರ ಮೊತ್ತದ ಶೇ. 0.25ರಷ್ಟು ಮುದ್ರಾಂಕ ಶುಲ್ಕವಿದೆ. ತಿಂಗಳಿಗೆ ರೂ. 8,000 ಬಾಡಿಗೆ ಮತ್ತು ರೂ. 30,000 ಠೇವಣಿಯ ಮೇಲೆ ಒಂದು ವರ್ಷಕ್ಕೆ ಮನೆ ಹಿಡಿದರೆ, ಬಾಡಿಗೆಯ ಮೊತ್ತ ರೂ. 96,000, ಠೇವಣಿಯ ಬಡ್ಡಿ ರೂ. 3,000, ಒಟ್ಟು ರೂ. 99,000 ಆಗುತ್ತದೆ. ಇದರ ಮೇಲಿನ ಶುಲ್ಕ ಕೆಲವೇ ನೂರು ರೂಪಾಯಿಗಳ ಮಾತು. ಟಿಟ್ವಾಳಾ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ಮೇರೆಯೊಳಗಿರುವುದರಿಂದ ನೋಂದಣಿ ಶುಲ್ಕ ರೂ. 1,000, ಗ್ರಾಮೀಣ ಪ್ರದೇಶದಲ್ಲಿ ರೂ. 500. ಆಧಾರ್ ಗುರುತಿನ ಮೂಲಕ ಮನೆಯಿಂದಲೇ ನೋಂದಣಿ ಮಾಡಿಸುವ ವ್ಯವಸ್ಥೆಯೂ ಇದೆ. ಬಾಡಿಗೆದಾರನ ವಿವರವನ್ನು ಪೊಲೀಸ್ ಠಾಣೆಗೆ ತಿಳಿಸುವ ಕರ್ತವ್ಯವನ್ನು ಮಾಲೀಕನು ಮರೆಯಬಾರದು.

ಪ್ರಶ್ನೆ: ದೊಡ್ಡ ಠೇವಣಿ ಕೊಟ್ಟು ಬಾಡಿಗೆಯಿಲ್ಲದೆ ಇರುವ ಪದ್ಧತಿ ಸುರಕ್ಷಿತವೆ?

ಉತ್ತರ: ಬೆಂಗಳೂರಿನಲ್ಲಿ ಭೋಗ್ಯವೆಂದು ಕರೆಯುವ ಈ ಪದ್ಧತಿ ಇಲ್ಲಿಯೂ ಭಾರಿ ಠೇವಣಿಯ ರೂಪದಲ್ಲಿ ಕಂಡುಬರುತ್ತದೆ. ಹಲವು ಲಕ್ಷ ರೂಪಾಯಿಗಳನ್ನು ಒಮ್ಮೆಗೇ ಕೊಡುವವನು ವಸ್ತುತಃ ಯಾವ ಆಧಾರವನ್ನೂ ಪಡೆಯದೆ ಮಾಲೀಕನಿಗೆ ಸಾಲ ಕೊಟ್ಟಂತಾಗುತ್ತದೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಬಾಕಿಯಿದ್ದು, ಕಂತುಗಳು ನಿಂತುಹೋದರೆ, 2002ರ ಕೇಂದ್ರ ಕಾನೂನಿನ ಪ್ರಕಾರ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಠೇವಣಿದಾರನು ಮನೆಯನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳುವ ಅಪಾಯ ಅಲ್ಲಿದೆ. ಆದುದರಿಂದ ಮನೆ ಅಡವಾಗಿದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಠೇವಣಿಯ ಪೂರ್ತಿ ಮೊತ್ತ ನೋಂದಾಯಿತ ಕರಾರಿನಲ್ಲಿ ಕಾಣಬೇಕು. ಹಣ ಬ್ಯಾಂಕಿನ ಮೂಲಕವೇ ಸಂದಾಯವಾಗಬೇಕು. 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ವಸತಿಯ ಠೇವಣಿಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಲಾಗಿದೆ. ಆದರೆ ಯಾವುದೇ ರಾಜ್ಯವು ಅದನ್ನು ತನ್ನ ಕಾನೂನಾಗಿ ಅಂಗೀಕರಿಸಿದಾಗ ಮಾತ್ರ ಆ ಮಿತಿ ಅಲ್ಲಿ ಜಾರಿಗೆ ಬರುತ್ತದೆ.

ಖರೀದಿ

ಪ್ರಶ್ನೆ: ಹೊಸ ಕಟ್ಟಡದಲ್ಲಿ ಮನೆ ಕೊಳ್ಳುವ ಮುನ್ನ ಮೊದಲು ನೋಡಬೇಕಾದುದೇನು?

ಉತ್ತರ: ರೇರಾ ಕಾನೂನಿನ ಪ್ರಕಾರ 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಯಲ್ಲಿ, ನೋಂದಣಿ ಮಾಡಿಸದೆ ಜಾಹೀರಾತು ನೀಡುವುದಾಗಲಿ ಮಾರುವುದಾಗಲಿ ಕೂಡದು. ಮಹಾರಾಷ್ಟ್ರದಲ್ಲಿ ಈ ನೋಂದಣಿಯನ್ನು ನೀಡುವ ಸಂಸ್ಥೆ 2017ರಲ್ಲಿ ಕಾರ್ಯಾರಂಭ ಮಾಡಿದ ಮಹಾರೇರಾ. ಖರೀದಿದಾರರಿಂದ ಬಂದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಆ ಯೋಜನೆಯ ಭೂಮಿ ಮತ್ತು ನಿರ್ಮಾಣದ ವೆಚ್ಚಕ್ಕೆ ಮಾತ್ರ ಬಳಸತಕ್ಕದ್ದು. ಬೆಲೆಯ ಶೇ. 10ಕ್ಕಿಂತ ಹೆಚ್ಚಿನ ಮುಂಗಡವನ್ನು ಪಡೆಯುವುದಕ್ಕೆ ಮೊದಲು ಮಾರಾಟದ ಕರಾರನ್ನು ಬರೆದು ನೋಂದಾಯಿಸಬೇಕು. ಮಾರಾಟಕ್ಕೆ ನೆರವಾಗುವ ದಲ್ಲಾಳಿಯೂ ನೋಂದಾಯಿತನಾಗಿರಬೇಕು.

ಪ್ರಶ್ನೆ: ಮಹಾರೇರಾ ಸಂಖ್ಯೆ ಇದ್ದರೆ ಸಾಕಲ್ಲವೆ?

ಉತ್ತರ: ಸಾಲದು. ಇದಕ್ಕೆ ಕಲ್ಯಾಣ–ಡೊಂಬಿವಲಿಯಲ್ಲಿ ನಡೆದ ಪ್ರಕರಣವೇ ಸಾಕ್ಷಿ. ಮಹಾನಗರಪಾಲಿಕೆಯ ಹೆಸರಿನಲ್ಲಿ ನಕಲಿ ಕಟ್ಟಡ ಪರವಾನಗಿಗಳನ್ನು ಸೃಷ್ಟಿಸಿ, ಅವುಗಳ ಬಲದ ಮೇಲೆ ಮಹಾರೇರಾ ನೋಂದಣಿ ಪಡೆದು ಮನೆಗಳನ್ನು ಮಾರಿದ ಸಂಗತಿ 2022ರಲ್ಲಿ ಬೆಳಕಿಗೆ ಬಂದಿತು. ಇಂತಹ 65 ಕಟ್ಟಡಗಳನ್ನು ತೆರವುಗೊಳಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರ್‌ನಲ್ಲಿ ಆದೇಶಿಸಿತು. ಸಾಲ ಮಾಡಿ ಅಲ್ಲಿ ಮನೆ ಕೊಂಡ ಕುಟುಂಬಗಳು ಮನೆಯ ಕಂತನ್ನು ಕಟ್ಟುತ್ತಲೇ ಮನೆಯನ್ನು ಕಳೆದುಕೊಳ್ಳುವ ಸ್ಥಿತಿಗೆ ಬಂದವು. ಅವರಲ್ಲಿ ಅನೇಕರ ಬಳಿ ನೋಂದಾಯಿತ ಕರಾರುಪತ್ರವೂ ಇತ್ತು. ಮೂಲದಲ್ಲಿದ್ದ ಪರವಾನಗಿಯೇ ಸುಳ್ಳಾದಾಗ ಅದರ ಮೇಲೆ ಕಟ್ಟಿದ ಉಳಿದೆಲ್ಲ ಕಾಗದಗಳೂ ಕುಸಿದವು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಕಟ್ಟಡ ಪ್ರಾರಂಭ ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಬರೆದುಕೊಂಡು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ ವಿಚಾರಿಸಬೇಕು. ಮಂಜೂರಾದ ನಕ್ಷೆಯಲ್ಲಿ ಎಷ್ಟು ಅಂತಸ್ತುಗಳಿವೆ, ಕೊಳ್ಳಲಿರುವ ಮನೆ ಆ ನಕ್ಷೆಯಲ್ಲಿ ಇದೆಯೇ ಎಂಬುದನ್ನು ನೋಡಬೇಕು. ನೇರವಾಗಿ ಉತ್ತರ ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ ಕೆಳಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು; ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲಕ್ಕೆ ಸಹಿ ಮಾಡುವ ಮುನ್ನ ಮೂವತ್ತು ದಿನ ಕಾಯುವುದು ನಷ್ಟವಲ್ಲ.

ಪ್ರಶ್ನೆ: ವಿದ್ಯುತ್ ಮೀಟರು ಮತ್ತು ಮನೆ ತೆರಿಗೆಯ ರಸೀದಿ ಇದ್ದರೆ ಕಟ್ಟಡ ಸಕ್ರಮವೆಂದು ತಿಳಿಯಬಹುದೆ?

ಉತ್ತರ: ತಿಳಿಯಬಾರದು. ಸ್ಥಳೀಯರು ಘರಪಟ್ಟಿ ಎಂದು ಕರೆಯುವ ತೆರಿಗೆಯನ್ನು ಅನಧಿಕೃತ ಕಟ್ಟಡಗಳಿಗೂ ವಿಧಿಸಲು ಪಾಲಿಕೆಗೆ ಅಧಿಕಾರವಿದೆ. ತೆರಿಗೆ ಪಡೆದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಟಿಟ್ವಾಳಾ ಮತ್ತು ಮಾಂಡಾ ಭಾಗದಲ್ಲಿ ಕಡಿಮೆ ಬೆಲೆಗೆ ಸಿಗುವ ಚಾಳಿನ ಕೋಣೆಗಳನ್ನು ಕೊಳ್ಳುವವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಇಂತಹ ಕೋಣೆಗಳನ್ನು ಹಲವು ವೇಳೆ ಮುದ್ರಾಂಕ ಕಾಗದದ ಮೇಲೆ ಬರೆದು, ನೋಟರಿಯ ಸಹಿ ಹಾಕಿಸಿ ಮಾರುತ್ತಾರೆ. ನೋಟರಿಯ ಮುದ್ರೆಯು ಸಹಿಯನ್ನು ಗುರುತಿಸುತ್ತದೆಯೇ ಹೊರತು ಒಡೆತನವನ್ನು ವರ್ಗಾಯಿಸುವುದಿಲ್ಲ. ಕಾನೂನಿನ ಪ್ರಕಾರ ರೂ. 100 ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಕ್ರಯಪತ್ರಕ್ಕೆ ನೋಂದಣಿ ಕಡ್ಡಾಯ. ಪಾಲಿಕೆಯು ಅನಧಿಕೃತ ಚಾಳುಗಳನ್ನು ಕೆಡವಿದಾಗ ಇಂತಹ ಕಾಗದವನ್ನು ಹಿಡಿದವರಿಗೆ ಆಶ್ರಯವಾಗಲಿ ಪರಿಹಾರವಾಗಲಿ ಸಿಗುವುದು ಕಷ್ಟ.

ಅಪಾಯವು ಹಣಕ್ಕೆ ಮಾತ್ರ ಸೀಮಿತವಲ್ಲ. ಠಾಣೆ ಜಿಲ್ಲೆಯ ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ, 2013ರ ಏಪ್ರಿಲ್ 4ರಂದು, ಪರವಾನಗಿಯಿಲ್ಲದೆ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 74 ಮಂದಿ ಪ್ರಾಣ ಕಳೆದುಕೊಂಡರು. ನಿರ್ಮಾಣ ಮುಗಿಯುವ ಮೊದಲೇ ಅಲ್ಲಿ ಕುಟುಂಬಗಳು ವಾಸವಾಗಿದ್ದವು. ಪರವಾನಗಿ ಎಂಬುದು ಕಚೇರಿಯ ವಿಧಿ ಮಾತ್ರವಲ್ಲ. ಅಡಿಪಾಯ ಮತ್ತು ಕಂಬಗಳನ್ನು ಹೊಣೆಯುಳ್ಳ ತಜ್ಞರು ನೋಡಿದ್ದಾರೆಂಬುದಕ್ಕೆ ಅದು ಆಧಾರ.

ಪ್ರಶ್ನೆ: ಭೂಮಿಯ ಒಡೆತನವನ್ನು ಯಾವ ಕಾಗದಗಳಿಂದ ತಿಳಿಯಬೇಕು?

ಉತ್ತರ: ಕರ್ನಾಟಕದ ಪಹಣಿಗೆ ಹೋಲುವ ದಾಖಲೆಗೆ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರಾ ಎಂದು ಹೆಸರು, ಏಳು ಮತ್ತು ಹನ್ನೆರಡು ಸಂಖ್ಯೆಯ ನಮೂನೆಗಳಿಂದ ಆ ಹೆಸರು ಬಂದಿದೆ. ಅದನ್ನು ನೋಡಿಕೊಳ್ಳುವ ತಲಾಠಿಯು ನಮ್ಮ ಗ್ರಾಮಲೆಕ್ಕಿಗನಿಗೆ ಸಮಾನ. ಋಣಭಾರ ಪತ್ರದ ಕೆಲಸವನ್ನು ಇಲ್ಲಿ ಉಪನೋಂದಣಿ ಕಚೇರಿಯ ಸೂಚಿ ಎರಡು, ಅಂದರೆ ಇಂಡೆಕ್ಸ್ ಟೂ, ಎಂಬ ದಾಖಲೆಯ ಶೋಧನೆಯಿಂದ ಮಾಡಿಸುತ್ತಾರೆ. ವಕೀಲರ ಮೂಲಕ ಕಳೆದ ಮೂವತ್ತು ವರ್ಷಗಳ ದಾಖಲೆಗಳನ್ನು ಶೋಧಿಸುವುದು ರೂಢಿ.

ಬಯಲು ನಿವೇಶನ ಕೊಳ್ಳುವವರು ಎರಡು ಸಂಗತಿಗಳನ್ನು ಅರಿತಿರಬೇಕು. ಮೊದಲನೆಯದು, ಮಹಾರಾಷ್ಟ್ರದಲ್ಲಿ ಕೃಷಿಕನಲ್ಲದವನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಇಂತಹ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಿದ ಕಾರಣ ಅಲ್ಲಿಂದ ಬಂದವರಿಗೆ ಈ ವ್ಯತ್ಯಾಸ ಹೊಳೆಯದೆ ಹೋಗಬಹುದು. ಎರಡನೆಯದು, ಆದಿವಾಸಿಗಳ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಇತರರು ಪಡೆಯಲಾಗದು. ಒಂದು ಎಕರೆಗೆ ನಲವತ್ತು ಗುಂಟೆ; ಒಂದು ಗುಂಟೆ ಎಂದರೆ 1,089 ಚದರ ಅಡಿ. ಹೀಗೆ ಗುಂಟೆಯ ಲೆಕ್ಕದಲ್ಲಿ ಮಾರುವ ತುಂಡುಭೂಮಿ ವಸತಿಗೆ ಯೋಗ್ಯವೆಂದು ಅಧಿಕೃತವಾಗಿ ಪರಿವರ್ತನೆಯಾಗಿದೆಯೇ ಎಂಬುದನ್ನು ನೋಡದೆ ಮುಂಗಡ ಕೊಡಬಾರದು. ಟಿಟ್ವಾಳಾದ ಬಳಿ ಕಾಳು ನದಿ ಹರಿಯುವುದರಿಂದ ಜಾಗವನ್ನು ಮಳೆಗಾಲದಲ್ಲಿ ಒಮ್ಮೆ ಕಣ್ಣಾರೆ ನೋಡುವುದು ಲೇಸು.

ಪ್ರಶ್ನೆ: ನವಿ ಮುಂಬಯಿಯಲ್ಲಿಯೂ ಇದೇ ಕ್ರಮವೆ?

ಉತ್ತರ: ಒಂದು ಮುಖ್ಯ ವ್ಯತ್ಯಾಸವಿದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಯು ಅಲ್ಲಿನ ಹೆಚ್ಚಿನ ಭೂಮಿಯನ್ನು ದೀರ್ಘಾವಧಿಯ ಗುತ್ತಿಗೆಯ ಮೇಲೆ ನೀಡಿದೆ. ಅಂತಹ ಮನೆಯನ್ನು ಕೊಳ್ಳುವವನು ಗುತ್ತಿಗೆಯ ಉಳಿದ ಅವಧಿಯನ್ನೂ ವರ್ಗಾವಣೆಗೆ ಸಿಡ್ಕೋದಿಂದ ಪಡೆಯಬೇಕಾದ ಅನುಮತಿಯನ್ನೂ ವಿಚಾರಿಸಬೇಕು.

ಪ್ರಶ್ನೆ: ಮನೆಯ ಅಳತೆಯನ್ನು ಹೇಗೆ ತಿಳಿಯಬೇಕು?

ಉತ್ತರ: ಮೆಟ್ಟಿಲು, ಲಿಫ್ಟು, ಓಣಿಗಳ ಪಾಲನ್ನೂ ಸೇರಿಸಿ ಹೇಳುವ ಸೂಪರ್ ಬಿಲ್ಟ್ ಅಪ್ ಅಳತೆಯಿಂದ ಮೋಸಹೋಗುವ ಸಂಭವ ಹೆಚ್ಚು. ರೇರಾ ಕಾನೂನಿನಲ್ಲಿ ಕಾರ್ಪೆಟ್ ಅಳತೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅದರಲ್ಲಿ ಮನೆಯ ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ. ಒಂದು ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ. ಕರಾರಿನಲ್ಲಿ 38 ಚದರ ಮೀಟರ್ ಎಂದಿದ್ದರೆ ಕೈಗೆ ಸಿಗುವುದು ಸುಮಾರು 409 ಚದರ ಅಡಿ. ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ ಇತರ ಮನೆಗಳೊಂದಿಗೆ ಹೋಲಿಸಿ ನೋಡಬೇಕು.

ಪ್ರಶ್ನೆ: ಬೆಲೆಯ ಹೊರತಾಗಿ ಬೇರೆ ಯಾವ ಖರ್ಚುಗಳಿವೆ?

ಉತ್ತರ: ಮುದ್ರಾಂಕ ಶುಲ್ಕವನ್ನು ಕರಾರಿನಲ್ಲಿ ಬರೆದ ಬೆಲೆ ಅಥವಾ ಸರ್ಕಾರ ಪ್ರಕಟಿಸುವ ದರಪಟ್ಟಿಯ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು. ಈ ದರ ಕಾಲಕಾಲಕ್ಕೆ ಬದಲಾಗುವುದರಿಂದ ಉಪನೋಂದಣಿ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ನೋಂದಣಿ ಶುಲ್ಕ ಶೇ. 1, ಗರಿಷ್ಠ ರೂ. 30,000. ನಿರ್ಮಾಣದ ಹಂತದಲ್ಲಿರುವ ಮನೆಗೆ 2019ರ ಏಪ್ರಿಲ್ 1ರಿಂದ ಸರಕು ಮತ್ತು ಸೇವಾ ತೆರಿಗೆ ಶೇ. 5, ಮುಂಬಯಿ ಮಹಾನಗರ ಪ್ರದೇಶದಲ್ಲಿ ರೂ. 45 ಲಕ್ಷದೊಳಗಿನ ಬೆಲೆಯ, 60 ಚದರ ಮೀಟರಿನೊಳಗಿನ ಕಾರ್ಪೆಟ್ ಅಳತೆಯ ಮನೆಗೆ ಶೇ. 1. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ದೊರೆತ ನಂತರ ಮಾರಿದ ಮನೆಗೆ ಈ ತೆರಿಗೆಯಿಲ್ಲ. ಬ್ಯಾಂಕುಗಳು ಮನೆಯ ಪೂರ್ತಿ ಬೆಲೆಯನ್ನು ಸಾಲವಾಗಿ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ರೂ. 30 ಲಕ್ಷದವರೆಗಿನ ಸಾಲ ಬೆಲೆಯ ಶೇ. 90ನ್ನು ಮೀರಬಾರದು. ಉಳಿದ ಭಾಗವನ್ನೂ ಶುಲ್ಕಗಳನ್ನೂ ಸ್ವಂತ ಉಳಿತಾಯದಿಂದಲೇ ಹೊಂದಿಸಬೇಕಾಗುತ್ತದೆ.

ಪ್ರಶ್ನೆ: ಕೀಲಿಕೈ ಪಡೆಯುವಾಗ ಏನನ್ನು ಗಮನಿಸಬೇಕು?

ಉತ್ತರ: ಜನರು ಓ.ಸಿ. ಎಂದು ಕರೆಯುವ ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದೆ ಮನೆಯನ್ನು ಪ್ರವೇಶಿಸಬಾರದು. ಕಟ್ಟಡವು ಮಂಜೂರಾದ ನಕ್ಷೆಯಂತೆ ಮುಗಿದಿದೆ ಎಂಬುದಕ್ಕೆ ಅದೇ ಪ್ರಮಾಣ. ಗೊತ್ತುಪಡಿಸಿದ ದಿನದೊಳಗೆ ಮನೆ ದೊರೆಯದಿದ್ದರೆ ಖರೀದಿದಾರನು ಬಡ್ಡಿ ಸಮೇತ ಹಣವನ್ನು ಹಿಂದಕ್ಕೆ ಕೇಳಬಹುದು. ಅಥವಾ ಮನೆಯನ್ನೇ ಉಳಿಸಿಕೊಂಡು ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಸ್ವಾಧೀನ ಪಡೆದ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದರೆ ನಿರ್ಮಾಪಕನು ಅದನ್ನು ಮೂವತ್ತು ದಿನಗಳಲ್ಲಿ ತನ್ನ ಖರ್ಚಿನಿಂದಲೇ ಸರಿಪಡಿಸಬೇಕು. ನಿವಾಸಿಗಳು ಗೃಹ ಸಹಕಾರ ಸಂಘವನ್ನು ರಚಿಸಿ, ಭೂಮಿಯ ಒಡೆತನವನ್ನು ಸಂಘದ ಹೆಸರಿಗೆ ಬರೆಸಿಕೊಳ್ಳುವವರೆಗೆ ಖರೀದಿ ಪೂರ್ಣವಾಯಿತೆಂದು ಭಾವಿಸಬಾರದು. ನಿರ್ಮಾಪಕನು ಒಪ್ಪದಿದ್ದರೂ ಸಕ್ಷಮ ಪ್ರಾಧಿಕಾರದ ಮೂಲಕ ಈ ವರ್ಗಾವಣೆಯನ್ನು ಪಡೆಯುವ ಅವಕಾಶವನ್ನು 2008ರ ತಿದ್ದುಪಡಿಯು ಕಲ್ಪಿಸಿದೆ. ಇದನ್ನು ಡೀಮ್ಡ್ ಕನ್ವೆಯನ್ಸ್ ಎನ್ನುತ್ತಾರೆ.

ಮಾರಾಟ

ಪ್ರಶ್ನೆ: ಸಂಘದಲ್ಲಿರುವ ಮನೆಯನ್ನು ಮಾರಲು ಏನೇನು ಬೇಕು?

ಉತ್ತರ: ಮೊದಲ ಕರಾರಿನಿಂದ ಇಂದಿನವರೆಗಿನ ಎಲ್ಲ ನೋಂದಾಯಿತ ಪತ್ರಗಳು, ಸಂಘದ ಷೇರು ಪ್ರಮಾಣಪತ್ರ, ಬಾಕಿಯಿಲ್ಲವೆಂಬ ಸಂಘದ ಪತ್ರ ಮತ್ತು ತೆರಿಗೆಯ ರಸೀದಿಗಳನ್ನು ಸಿದ್ಧಪಡಿಸಿಕೊಳ್ಳಬೇಕು. ನಡುವಿನ ಒಂದು ಪತ್ರ ಕಳೆದುಹೋಗಿದ್ದರೂ ಕೊಳ್ಳುವವನಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ವರ್ಗಾವಣೆಗಾಗಿ ಸಂಘವು ಪಡೆಯುವ ಮೊತ್ತಕ್ಕೆ ಮಹಾನಗರಪಾಲಿಕೆಯ ಪ್ರದೇಶದಲ್ಲಿ ರೂ. 25,000ದ ಮಿತಿಯಿದೆ. ಅದಕ್ಕೂ ಹೆಚ್ಚಿನ ಹಣವನ್ನು ದೇಣಿಗೆಯ ಹೆಸರಿನಲ್ಲಿ ಒತ್ತಾಯದಿಂದ ಪಡೆಯುವಂತಿಲ್ಲ. ಮನೆಯ ಮೇಲಿನ ಸಾಲ ಪೂರ್ತಿ ತೀರಿದ್ದರೆ, ರಿಸರ್ವ್ ಬ್ಯಾಂಕಿನ ಆದೇಶದಂತೆ 2023ರ ಡಿಸೆಂಬರ್ 1ರಿಂದ ಬ್ಯಾಂಕು ಮೂವತ್ತು ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ಕಡೆಯಿಂದ ತಡವಾದರೆ ದಿನಕ್ಕೆ ರೂ. 5,000ದಂತೆ ಪರಿಹಾರ ಕೊಡಬೇಕು.

ಪ್ರಶ್ನೆ: ತಂದೆಯ ಹೆಸರಿನಲ್ಲಿದ್ದ ಮನೆಯನ್ನು ನಾಮನಿರ್ದೇಶಿತನಾದ ಒಬ್ಬ ಮಗನೇ ಮಾರಬಹುದೆ?

ಉತ್ತರ: ಮಾರಲಾಗದು. ನಾಮನಿರ್ದೇಶನವು ಸಂಘದ ವ್ಯವಹಾರಕ್ಕೆ ಪ್ರತಿನಿಧಿಯನ್ನು ಗೊತ್ತುಪಡಿಸುತ್ತದೆಯೇ ಹೊರತು ವಾರಸನ್ನು ನಿರ್ಧರಿಸುವುದಿಲ್ಲ. ಮೃತ್ಯುಪತ್ರವಿಲ್ಲದಿದ್ದಲ್ಲಿ ಉತ್ತರಾಧಿಕಾರದ ಕಾನೂನಿನಂತೆ ಎಲ್ಲ ವಾರಸುದಾರರಿಗೂ ಪಾಲಿದೆ. ಹಿಂದೂ ಕುಟುಂಬದಲ್ಲಿ ವಿಧವೆಯಾದ ತಾಯಿಗೂ ವಿವಾಹಿತ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕುಂಟು. ಊರಿನಲ್ಲಿರುವ ಅಕ್ಕತಂಗಿಯರ ಸಹಿಯನ್ನು ಬಿಟ್ಟು ಮಾಡಿದ ಮಾರಾಟ ಮುಂದೊಂದು ದಿನ ನ್ಯಾಯಾಲಯವನ್ನು ಸೇರುತ್ತದೆ. ಕೊಂಡವನೂ ಮಾರಿದವನೂ ಒಟ್ಟಿಗೆ ಕಷ್ಟಕ್ಕೆ ಸಿಲುಕುತ್ತಾರೆ. ಪಾಲು ಬೇಡವೆನ್ನುವವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಡಬೇಕು.

ಪ್ರಶ್ನೆ: ಮಾಲೀಕನು ಮಂಗಳೂರಿನಲ್ಲಿದ್ದರೆ ಟಿಟ್ವಾಳಾದ ಮನೆಯನ್ನು ಅಧಿಕಾರಪತ್ರದ ಮೂಲಕ ಮಾರಬಹುದೆ?

ಉತ್ತರ: ನಂಬಿಕಸ್ಥ ಬಂಧುವಿಗೆ ವಿಧಿಪೂರ್ವಕ ಅಧಿಕಾರಪತ್ರ ಕೊಟ್ಟು, ಆತನ ಮೂಲಕ ನೋಂದಾಯಿತ ಕ್ರಯಪತ್ರ ಮಾಡಿಸಬಹುದು. ಆದರೆ ಕ್ರಯಪತ್ರದ ಬದಲಾಗಿ ಅಧಿಕಾರಪತ್ರವನ್ನೇ ಕೊಟ್ಟು ಹಣ ಪಡೆಯುವ ವ್ಯವಹಾರದಿಂದ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್ 11ರಂದು ಸ್ಪಷ್ಟಪಡಿಸಿದೆ. ಅಧಿಕಾರಪತ್ರ ಹಿಡಿದು ಮಾರಲು ಬಂದವನೊಂದಿಗೆ ವ್ಯವಹರಿಸುವವರು ಮೂಲ ಮಾಲೀಕನು ಬದುಕಿದ್ದಾನೆಯೇ, ಆ ಅಧಿಕಾರವನ್ನು ರದ್ದುಪಡಿಸಿದ್ದಾನೆಯೇ ಎಂಬುದನ್ನು ಅವನಿಂದಲೇ ನೇರವಾಗಿ ಕೇಳಿ ತಿಳಿಯಬೇಕು.

ಪ್ರಶ್ನೆ: ಬೆಲೆಯ ಒಂದು ಭಾಗವನ್ನು ನಗದಾಗಿ ಕೊಟ್ಟು, ಪತ್ರದಲ್ಲಿ ಕಡಿಮೆ ಬೆಲೆ ಬರೆಸಿದರೆ ಲಾಭವಲ್ಲವೆ?

ಉತ್ತರ: ಇದು ಕಾನೂನುಬಾಹಿರ, ಇದರಲ್ಲಿ ಇಬ್ಬರಿಗೂ ನಷ್ಟವಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರಿಂದ ನಿಷೇಧಿಸಲಾಗಿದೆ. ವ್ಯವಹಾರ ಮುರಿದುಬಿದ್ದರೆ ಪತ್ರದಲ್ಲಿ ಇಲ್ಲದ ಹಣವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಕೊಂಡವನು ಮುಂದೆ ಮಾರುವಾಗ, ಪತ್ರದಲ್ಲಿ ಬರೆದ ಕಡಿಮೆ ಬೆಲೆಯಿಂದಲೇ ಅವನ ಲಾಭವನ್ನು ಲೆಕ್ಕ ಹಾಕುವುದರಿಂದ ತೆರಿಗೆಯೂ ಏರುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಮನೆಯನ್ನು 2024ರ ಜುಲೈ 23ರ ನಂತರ ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆಯಿದೆ. ಆ ದಿನಕ್ಕೆ ಮೊದಲೇ ಮನೆ ಕೊಂಡಿದ್ದ ನಿವಾಸಿ ವ್ಯಕ್ತಿಗಳು, ಬೆಲೆಯೇರಿಕೆಯ ಸೂಚ್ಯಂಕವನ್ನು ಲೆಕ್ಕಕ್ಕೆ ಹಿಡಿದ ಶೇ. 20ರ ಹಳೆಯ ಕ್ರಮದಿಂದ ತೆರಿಗೆ ಕಡಿಮೆಯಾಗುವುದಾದರೆ ಅದರ ಪ್ರಯೋಜನ ಪಡೆಯಬಹುದು. ಲಾಭವನ್ನು ಗೊತ್ತುಪಡಿಸಿದ ಅವಧಿಯೊಳಗೆ ಮತ್ತೊಂದು ಮನೆಗೆ ತೊಡಗಿಸಿದರೆ ವಿನಾಯಿತಿಯೂ ಉಂಟು. ಬೆಲೆ ರೂ. 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಕೊಳ್ಳುವವನು ಶೇ. 1ರಷ್ಟನ್ನು ಹಿಡಿದಿಟ್ಟು ಸರ್ಕಾರಕ್ಕೆ ಕಟ್ಟಬೇಕು.

ವಿವಾದ ಉಂಟಾದಾಗ

ಪ್ರಶ್ನೆ: ಮೋಸಹೋದವರು ಯಾರನ್ನು ಸಂಪರ್ಕಿಸಬೇಕು?

ಉತ್ತರ: ನೋಂದಾಯಿತ ಯೋಜನೆಯ ದೂರುಗಳನ್ನು ಮಹಾರೇರಾಕ್ಕೆ ಸಲ್ಲಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕೆಳಗೆ ಗ್ರಾಹಕ ಆಯೋಗದ ಮೊರೆಹೋಗುವ ದಾರಿಯೂ ತೆರೆದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಕಲಿ ಕಾಗದ, ವಂಚನೆಗಳಿಗೆ ಪೊಲೀಸರಲ್ಲಿ ದೂರು ದಾಖಲಿಸಬೇಕು. ವಕೀಲರ ಶುಲ್ಕ ಕೊಡಲಾಗದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ನೆರವನ್ನು ಪಡೆಯಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಈ ನೆರವು ಆದಾಯದ ಮಿತಿಯಿಲ್ಲದೆ ದೊರೆಯುತ್ತದೆ. ಇದಕ್ಕಾಗಿ 15100 ಸಂಖ್ಯೆಗೆ ಕರೆ ಮಾಡಬಹುದು.

ಈ ಎಲ್ಲ ಪರಿಹಾರಗಳೂ ಕಾಲವನ್ನೂ ಶ್ರಮವನ್ನೂ ಬೇಡುತ್ತವೆ. ಕೆಡವಲ್ಪಟ್ಟ ಮನೆಯನ್ನು ಯಾವ ತೀರ್ಪೂ ಮತ್ತೆ ಕಟ್ಟಿಕೊಡುವುದಿಲ್ಲ. ಆದುದರಿಂದ ಹಣ ಕೈಬಿಡುವ ಮುನ್ನ ಮಾಡುವ ವಿಚಾರಣೆಯೇ ಎಲ್ಲಕ್ಕಿಂತ ಅಗ್ಗದ ರಕ್ಷಣೆ. ಪಾಲಿಕೆಯ ನಗರ ಯೋಜನಾ ವಿಭಾಗ, ತಲಾಠಿಯ ಕಚೇರಿ, ಉಪನೋಂದಣಿ ಕಚೇರಿ, ಗೃಹ ಸಹಕಾರ ಸಂಘ: ಈ ನಾಲ್ಕು ಬಾಗಿಲುಗಳನ್ನು ತಟ್ಟಿ ಬಂದ ಮೇಲೆಯೇ ಮುಂಗಡ ಕೊಡುವ ಮಾತಾಡಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇಂದಿನ ನಗರಗಳಲ್ಲಿ ಮನೆ ಕೊಳ್ಳುವುದೂ ಅಷ್ಟೇ ಎಚ್ಚರ ಬೇಡುವ ಕೆಲಸವಾಗಿದೆ.